ಅಂಗಳದಲ್ಲಿ ಜೀಪಿದ್ದರೆ ಸಾಕೇ?



ಈ ಸಲ ಅಡುಗೆಮನೆಯ ಮಾತನ್ನು ಬದಿಗಿಟ್ಟು ನಿಮ್ಮನ್ನು ಗ್ಯಾರೇಜಿನ ಕಡೆಗೆ ಕರೆದೊಯ್ಯಬೇಕಾಗಿದೆ. ಅದಕ್ಕೆ ಕಾರಣ ಕೊಡಗಿನ ಓದುಗ ಸಹೋದರಿಯೊಬ್ಬರು ಬರೆದ ಪತ್ರ. ಅವರ ಮನೆ ಗುಡ್ಡದ ಬುಡದಲ್ಲಿದೆ. ಪತಿ ಕುವೈತ್‌ನಲ್ಲಿದ್ದಾರೆ. ಮನೆಯಲ್ಲಿ ಮಂಡಿನೋವಿನ ಅತ್ತೆ, ಕಾಲೇಜಿಗೆ ಹೋಗುವ ಮಗ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. 2018ರ ಮಳೆಯ ನಂತರ ಆಗಸ್ಟ್ ಬಂತೆಂದರೆ ರಾತ್ರಿ ನಿದ್ದೆ ಬರುವುದಿಲ್ಲ ಎನ್ನುತ್ತಾರೆ. ಮುಂದಿನ ರಜೆಯಲ್ಲಿ ಬಂದಾಗ ಎಂಥ ಮಳೆಗೂ ಜಗ್ಗದ ಒಂದು ಗಾಡಿ ತೆಗೆದುಕೊಡುವುದಾಗಿ ಪತಿ ಹೇಳಿದ್ದಾರಂತೆ. ಮಗ ಆಗಲೇ ಒಂದು ಪಟ್ಟಿ ಸಿದ್ಧ ಮಾಡಿದ್ದಾನೆ. ದೊಡ್ಡ ಟಯರು, ಗಾಡಿಯನ್ನು ಎತ್ತರಿಸುವ ಲಿಫ್ಟ್ ಕಿಟ್, ಕಬ್ಬಿಣದ ಬಂಪರು, ವಿಂಚು, ಸ್ನಾರ್ಕೆಲ್, ತಲೆಯ ಮೇಲೆ ಸಾಲು ದೀಪ. ಯಾವ ಗಾಡಿ ಕೊಳ್ಳಬೇಕು, ಈ ಪಟ್ಟಿಯಲ್ಲಿ ಏನನ್ನು ಹಾಕಿಸಬೇಕು, ಬಣ್ಣ ಬಿಳಿ ಒಳ್ಳೆಯದೋ ಕಪ್ಪೋ ಎಂಬುದು ಅವರ ಪ್ರಶ್ನೆ.

ಇದೆಲ್ಲ ಗಂಡಸರ ವಿಷಯವಲ್ಲವೇ ಎಂದು ಪುಟ ಮಗುಚಬೇಡಿ. ನಮ್ಮ ಎಷ್ಟೋ ಮನೆಗಳಲ್ಲಿ ಗಾಡಿ ಕೊಳ್ಳುವುದು ಗಂಡಸರಾದರೂ ಮಳೆ ಬಂದ ರಾತ್ರಿ ಆ ಗಾಡಿಯ ಬಳಿ ಇರುವುದು ಹೆಂಗಸರು, ಮಕ್ಕಳು, ಮುದುಕರು. ಆದ್ದರಿಂದ ಯಾವ ಗಾಡಿ ಎಂದು ತೀರ್ಮಾನಿಸುವಾಗ ನಿಮ್ಮ ಮಾತೂ ನಡೆಯಬೇಕು.

ಮೊದಲು ಒಂದು ಕಹಿ ಮಾತು. ಎಂಥ ಮಳೆಗೂ ಜಗ್ಗದ ಗಾಡಿ ಎಂಬುದು ಈ ಭೂಮಿಯ ಮೇಲಿಲ್ಲ. 2024ರ ಏಪ್ರಿಲ್ 16ರಂದು ಯು.ಎ.ಇ.ಯಲ್ಲಿ ಸುರಿದ ಮಳೆ ನಮ್ಮಲ್ಲಿ ಹಲವರಿಗೆ ಫೋನಿನ ಮೂಲಕವೇ ಗೊತ್ತಾಗಿರಬೇಕು, ಏಕೆಂದರೆ ಮಗನೋ ತಮ್ಮನೋ ಅಲ್ಲೇ ಇದ್ದ. ಅಲ್ ಐನ್ ಕಡೆಯ ಖತ್ಮ್ ಅಲ್ ಶಕ್ಲಾ ಎಂಬಲ್ಲಿ ಒಂದು ದಿನದೊಳಗೆ 254.8 ಮಿಲಿಮೀಟರ್ ಮಳೆ ದಾಖಲಾಯಿತು. ಮರಳುಗಾಡಿಗೆಂದೇ ತಯಾರಾದ ದೊಡ್ಡ ದೊಡ್ಡ ಗಾಡಿಗಳಿಗೇನೂ ಆ ಊರಿನಲ್ಲಿ ಬರವಿಲ್ಲ. ಆದರೂ ದುಬೈಯ ಹೆದ್ದಾರಿಗಳಲ್ಲಿ ಸಣ್ಣ ಕಾರುಗಳ ಪಕ್ಕದಲ್ಲೇ ದೊಡ್ಡವೂ ನೀರಿನಲ್ಲಿ ನಿಂತಿದ್ದನ್ನು ಲೋಕವೆಲ್ಲ ನೋಡಿತು. ಅದಕ್ಕೂ ಮುಂಚೆ, 2018ರ ಆಗಸ್ಟ್‌ನಲ್ಲಿ ಕೇರಳ ಮುಳುಗಿದಾಗ ಜೀಪು ಇಟ್ಟುಕೊಂಡ ಯುವಕರು ಅನೇಕ ಕಡೆ ನೆರವಿಗೆ ಹೋದದ್ದು ನಿಜ. ಆದರೆ ನೀರು ಆಳವಾದ ಕಡೆ ಜನರನ್ನು ಎತ್ತಿಕೊಂಡು ಬಂದವರು ತಮ್ಮ ದೋಣಿಗಳನ್ನು ಲಾರಿಗೆ ಹೇರಿಕೊಂಡು ಬಂದ ಮೀನುಗಾರರು. ಹೆಂಗಸರು ದೋಣಿ ಹತ್ತಲೆಂದು ನೀರಿನಲ್ಲಿ ಬಗ್ಗಿ ತನ್ನ ಬೆನ್ನನ್ನೇ ಮೆಟ್ಟಿಲು ಮಾಡಿದ ಮಲಪ್ಪುರಂನ ಆ ಮೀನುಗಾರನ ಚಿತ್ರ ನಿಮಗೆ ನೆನಪಿರಬಹುದು.

ವಯನಾಡಿನಲ್ಲಿ 2024ರ ಜುಲೈ 30ರ ಬೆಳಗಿನ ಜಾವ ಗುಡ್ಡ ಕುಸಿದು ಚೂರಲ್‌ಮಲದಿಂದ ಮುಂಡಕ್ಕೈಗೆ ಹೋಗುವ ಸೇತುವೆಯೇ ಕೊಚ್ಚಿಹೋಯಿತು. ಆಚೆ ಬದಿಗೆ ಎಂಥ ಜೀಪೂ ಹೋಗುವಂತಿರಲಿಲ್ಲ. ಬೆಂಗಳೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೈನಿಕರು 190 ಅಡಿ ಉದ್ದದ ಉಕ್ಕಿನ ಬೈಲಿ ಸೇತುವೆಯನ್ನು ಆಗಸ್ಟ್ 1ರ ಸಂಜೆಯೊಳಗೆ ಕಟ್ಟಿ ಮುಗಿಸಿದ ಮೇಲೆಯೇ ಗಾಡಿಗಳು ದಾಟಿದವು. ಆ ತಂಡವನ್ನು ನಡೆಸಿದ್ದು ಮೇಜರ್ ಸೀತಾ ಶೆಲ್ಕೆ ಎಂಬ ಮಹಿಳೆ! ಇನ್ನು ನಮ್ಮ ಅಂಕೋಲಾದ ಶಿರೂರಿನಲ್ಲಿ ಅದೇ ವರ್ಷ ಜುಲೈ 16ರಂದು ಗುಡ್ಡ ಜರಿದಾಗ ಹೆದ್ದಾರಿ ಬದಿಯಲ್ಲಿದ್ದ ತುಂಬಿದ ಲಾರಿಯೇ ಗಂಗಾವಳಿ ನದಿಯ ಪಾಲಾಯಿತು. ಅದನ್ನು ಮೇಲೆತ್ತಲು ಸೆಪ್ಟೆಂಬರ್ ಕೊನೆಯಾಗಬೇಕಾಯಿತು.

ಇಷ್ಟನ್ನೆಲ್ಲ ಹೇಳಿದ್ದು ಹೆದರಿಸಲಿಕ್ಕಲ್ಲ. ಗುಡ್ಡ ಜರಿಯುವಾಗ ಗಾಡಿ ನಮ್ಮನ್ನು ಉಳಿಸುವುದಿಲ್ಲ. ಜರಿಯುವುದಕ್ಕೆ ಆರು ಗಂಟೆ ಮುಂಚೆ, ಕೆಸರಾದ ತೋಟದ ದಾರಿಯಲ್ಲಿ ನಮ್ಮನ್ನು ಡಾಂಬರು ರಸ್ತೆಗೆ ಮುಟ್ಟಿಸುವುದೇ ಅದರ ಕೆಲಸ. ಆ ಎರಡು ಮೂರು ಕಿಲೋಮೀಟರಿಗಾಗಿ ಗಾಡಿಯನ್ನು ಆರಿಸಬೇಕೇ ಹೊರತು ಪ್ರಳಯದ ದಿನಕ್ಕಾಗಿ ಅಲ್ಲ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. 2018ರ ಆಗಸ್ಟ್‌ನಲ್ಲಿ, ಬಕ್ರೀದ್‌ಗೆ ಇನ್ನೊಂದು ವಾರವಿದ್ದಾಗ, ನನ್ನ ತಂಗಿ ಮಡಿಕೇರಿಯಿಂದ ಸ್ವಲ್ಪ ದೂರದ ತನ್ನ ಗಂಡನ ಮನೆಯಲ್ಲಿದ್ದಳು. ಅವಳ ಗಂಡ ದಮ್ಮಾಮ್‌ನಲ್ಲಿ. ಮನೆಯಲ್ಲಿ ಜೀಪಿತ್ತು, ಅದೂ ನಾಲ್ಕೂ ಚಕ್ರ ಎಳೆಯುವ ಮಹೀಂದ್ರಾ ಜೀಪು. ಊರಿನವರೆಲ್ಲ, ‘ನಿಮಗೇನು ಚಿಂತೆ, ಜೀಪಿದೆಯಲ್ಲ’ ಎನ್ನುತ್ತಿದ್ದರು. ಅದನ್ನು ಓಡಿಸುವವನು ಅವಳ ಮೈದುನ ಒಬ್ಬನೇ. ಅವನು ಪುತ್ತೂರಿಗೆ ಹೋಗಿದ್ದ. ಅಷ್ಟರಲ್ಲಿ ಮದೆನಾಡು, ಜೋಡುಪಾಲದ ಕಡೆ ಗುಡ್ಡ ಕುಸಿದು ಸಂಪಾಜೆ ರಸ್ತೆ ಮುಚ್ಚಿಹೋಯಿತು. ಅವನು ಆ ಕಡೆ, ಜೀಪು ಈ ಕಡೆ!

ಅಂದು ಮಗ್ರಿಬ್ ಹೊತ್ತಿಗೆ ಮನೆಯ ಹಿಂದಿನ ಬರೆಯಿಂದ ಕೆಂಪು ನೀರು ಇಳಿಯತೊಡಗಿತು. ಅಂಗಳದ ಅಂಚಿನಲ್ಲಿ ಬೆರಳು ಹೋಗುವಷ್ಟು ಬಿರುಕು. ಕರೆಂಟಿಲ್ಲ, ಫೋನಿಲ್ಲ. ಜೀಪಿನ ಕೀಲಿಗಾಗಿ ಅರ್ಧ ಗಂಟೆ ಹುಡುಕಿದರು. ಸಿಕ್ಕಿದ್ದು ಮೈದುನನ ಹಳೆಯ ಅಂಗಿಯ ಜೇಬಿನಲ್ಲಿ. ಕೀಲಿ ತಿರುಗಿಸಿದರೆ ಟಕ್ ಎಂಬ ಒಂದು ಸದ್ದು, ಅಷ್ಟೇ. ಮೂರು ವಾರ ಅಲುಗಾಡದೆ ನಿಂತ ಗಾಡಿಯ ಬ್ಯಾಟರಿ ಸತ್ತುಹೋಗಿತ್ತು. ಹಿಂದಿನ ಒಂದು ಚಕ್ರದಲ್ಲಿ ಗಾಳಿಯೂ ಇರಲಿಲ್ಲ. ಸರಿಯಿದ್ದಿದ್ದರೂ ಓಡಿಸುವವರು ಯಾರು?

ಕೊನೆಗೆ ಬಂದವರು ಪಕ್ಕದ ತೋಟದ ಗೌಡರು, ತಮ್ಮ ಹಳೆಯ ಪಿಕಪ್ ತೆಗೆದುಕೊಂಡು. ಅದಕ್ಕೆ ನಾಲ್ಕು ಚಕ್ರದ ಎಳೆತವೂ ಇರಲಿಲ್ಲ, ಏನೂ ಇರಲಿಲ್ಲ. ಹಿಂದಿನ ಚಕ್ರಗಳಿಗೆ ಸರಪಳಿ ಸುತ್ತಿಕೊಂಡಿದ್ದರು. ತಂಗಿ ಪೆಟ್ಟಿಗೆ, ಪಾತ್ರೆ ಎಂದು ಓಡಾಡುತ್ತಿದ್ದಾಗ ಅವರು, “ಸಾಮಾನು ಬಿಡು ತಂಗೀ, ಮೊದಲು ಮಕ್ಕಳನ್ನು ಹತ್ತಿಸು” ಎಂದು ಗದರಿದರಂತೆ. ಅತ್ತೆಯನ್ನು ಕುರ್ಚಿಯ ಸಮೇತ ಎತ್ತಿ ಹಿಂದೆ ಕೂರಿಸಿದರು. ಇಶಾ ಮುಗಿಯುವ ಹೊತ್ತಿಗೆ ಎಲ್ಲರೂ ಗಂಜಿ ಕೇಂದ್ರದಲ್ಲಿದ್ದರು. ಬೆಳಗಾಗುವಾಗ ಬರೆ ಕೆಳಗೆ ಬಂದು ಅಡುಗೆಮನೆಯ ಗೋಡೆಯನ್ನು ನೂಕಿತ್ತು. ಜೀಪು ಶೆಡ್ಡಿನಲ್ಲಿ ಹಾಗೆಯೇ ನಿಂತಿತ್ತು, ಮಣ್ಣು ಬಾನೆಟ್‌ವರೆಗೆ.

ಆದ್ದರಿಂದ ಪತ್ರ ಬರೆದ ಸಹೋದರಿಗೆ ನನ್ನ ಮೊದಲ ಪ್ರಶ್ನೆ: ಗಾಡಿ ಯಾರು ಓಡಿಸುತ್ತಾರೆ? ಮಗ ಎಂದರೆ, ಅವನು ಕಾಲೇಜಿನಲ್ಲಿರುವ ದಿನ? ನಮ್ಮ ಮನೆಗಳಲ್ಲಿ ‘ಹೆಂಗಸರಿಗೆ ಡ್ರೈವಿಂಗ್ ಯಾಕೆ’ ಎಂಬ ಮಾತು ಇನ್ನೂ ಪೂರ್ತಿ ಹೋಗಿಲ್ಲ. ಆಸ್ಪತ್ರೆಗೆ, ಮದುವೆಗೆ ಹೋಗಲು ಡ್ರೈವರನನ್ನು ಕರೆಸಿದರಾಯಿತು ಎನ್ನುತ್ತಾರೆ. ಗುಡ್ಡ ಬಿರುಕು ಬಿಟ್ಟ ರಾತ್ರಿ ಯಾವ ಡ್ರೈವರ್ ಬರುತ್ತಾನೆ? ಗಾಡಿಗೆ ಹಾಕಲು ಉದ್ದೇಶಿಸಿದ ಹಣದಲ್ಲಿ ಮೊದಲ ಕೆಲವು ಸಾವಿರವನ್ನು ಡ್ರೈವಿಂಗ್ ಶಾಲೆಗೆ ಕೊಡಿ. ಎಲ್‌ಎಲ್ ಆರು ತಿಂಗಳು ನಡೆಯುತ್ತದೆ, ಮೂವತ್ತು ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ಶಾಲೆಯವರು ಸಣ್ಣ ಕಾರಿನಲ್ಲಿ ಸಮತಟ್ಟು ರಸ್ತೆಯಲ್ಲಿ ಕಲಿಸುತ್ತಾರೆ, ಅದು ಸಾಲದು. ಲೈಸೆನ್ಸ್ ಬಂದ ಮೇಲೆ ಮಳೆಗಾಲದ ಒಂದು ಹಗಲು, ನಿಮ್ಮದೇ ಗಾಡಿಯಲ್ಲಿ, ನಿಮ್ಮದೇ ತೋಟದ ದಾರಿಯಲ್ಲಿ ನುರಿತವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹತ್ತಿ ಇಳಿದು ನೋಡಿ. ಪರ್ದಾ ಧರಿಸುವವರು ಅದರ ಅಂಚು ಪೆಡಲಿಗೆ ಸಿಲುಕದಂತೆ ಮಡಚಿಕೊಳ್ಳುವುದನ್ನೂ, ಹಿಡಿತವಿರುವ ಚಪ್ಪಲಿ ಹಾಕುವುದನ್ನೂ ಅಂದೇ ರೂಢಿಸಿಕೊಳ್ಳಿ. ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವ ಜೀಪುಗಳನ್ನು ನೋಡಿದ್ದೀರಲ್ಲ? ಅವುಗಳಲ್ಲಿ ಎಷ್ಟೋ ಹಳೆಯವು. ಆ ದಾರಿಯಲ್ಲಿ ಅವು ಹತ್ತುವುದು ಚಾಲಕರ ಕೈಗುಣದಿಂದ.

ಈಗ ಗಾಡಿಯ ಆಯ್ಕೆ. ಕೆಸರಿನ ಏರುದಾರಿಗೆ ಬೇಕಾದದ್ದು ಮುಖ್ಯವಾಗಿ ಮೂರು. ಒಂದು, ನಾಲ್ಕೂ ಚಕ್ರಗಳಿಗೆ ಎಳೆತ, ಅಂದರೆ ಫೋರ್ ವೀಲ್ ಡ್ರೈವ್. ಎರಡು, ಅದರ ಜೊತೆಗೆ ‘ಲೋ’ ಗೇರಿನ ಸನ್ನೆ. ಇದನ್ನು ಹಾಕಿದರೆ ಗಾಡಿ ಎತ್ತಿನಂತೆ ನಿಧಾನವಾಗಿ, ಬಲವಾಗಿ ಎಳೆಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿ ಜಾರುವ ಬದಲು ಎಂಜಿನ್ನೇ ತಡೆದು ಹಿಡಿಯುತ್ತದೆ. ಮೂರು, ಹೊಟ್ಟೆ ನೆಲಕ್ಕೆ ತಾಗದಷ್ಟು ಎತ್ತರ. ‘ಎಸ್‌ಯುವಿ’ ಎಂಬ ಹೆಸರು ನೋಡಿ ಮೋಸಹೋಗಬೇಡಿ. ಶೋರೂಮಿನಲ್ಲಿ ಎತ್ತರವಾಗಿ ಕಾಣುವ ಎಷ್ಟೋ ಗಾಡಿಗಳಿಗೆ ಮುಂದಿನ ಎರಡು ಚಕ್ರಗಳಲ್ಲಿ ಮಾತ್ರ ಎಳೆತ. ಕೆಲವಕ್ಕೆ ನಾಲ್ಕರಲ್ಲೂ ಇರುತ್ತದೆ, ಆದರೆ ಲೋ ಗೇರ್ ಇರುವುದಿಲ್ಲ. ‘ಲೋ ರೇಂಜ್ ಇದೆಯೇ? ತೋರಿಸಿ’ ಎಂದು ನೇರವಾಗಿ ಕೇಳಿ.

2020ರಲ್ಲಿ ಬಂದ ಥಾರ್‌ನ ಫೋರ್ ವೀಲ್ ಡ್ರೈವ್ ಮಾದರಿಗೆ, 2023ರಲ್ಲಿ ಬಂದ ಜಿಮ್ನಿಗೆ, ಫೋರ್ಸ್‌ನವರ ಗೂರ್ಖಾಗೆ ಇದು ಇದೆ. ಥಾರ್‌ನಲ್ಲಿ ಎರಡೇ ಚಕ್ರ ಎಳೆಯುವ ಮಾದರಿಯೂ ಬರುತ್ತದೆ, ಹೊರಗಿನಿಂದ ನೋಡಿದರೆ ಗೊತ್ತಾಗದು. ಅದನ್ನು ಕೊಂಡು ತಂದು ಆಮೇಲೆ ಕಣ್ಣುಬಾಯಿ ಬಿಟ್ಟವರಿದ್ದಾರೆ. ಮಾರುತಿ ಜಿಪ್ಸಿ ಈಗ ಹೊಸದು ಸಿಗುವುದಿಲ್ಲ, ಹಳೆಯದು ಸಿಕ್ಕರೆ ಕೆಸರಿನಲ್ಲಿ ಹಗುರವಾಗಿ ಹೋಗುತ್ತದೆ. ಹಳೆಯ ಮಹೀಂದ್ರಾ ಜೀಪುಗಳ ಗುಣವೇನೆಂದರೆ ಊರ ಮೂಲೆಯ ಮೆಕ್ಯಾನಿಕ್‌ಗೂ ಅದರ ಹೊಟ್ಟೆ ಗೊತ್ತು, ಬಿಡಿಭಾಗ ಎಲ್ಲೆಡೆ ಸಿಗುತ್ತದೆ. ದೋಷವೇನೆಂದರೆ ಏರ್‌ಬ್ಯಾಗ್ ಇಲ್ಲ, ಹಿಂದೆ ಎದುರುಬದುರು ಕೂರುವವರಿಗೆ ಬೆಲ್ಟೂ ಇಲ್ಲ. ಹಳೆಯದನ್ನು ಕೊಳ್ಳುವುದಾದರೆ ಚಾಸಿಸ್ ತುಕ್ಕು ಹಿಡಿದಿದೆಯೇ, ಆರ್‌ಸಿಯಲ್ಲಿರುವ ಎಂಜಿನ್ ನಂಬರೂ ಗಾಡಿಯಲ್ಲಿರುವುದೂ ಒಂದೆಯೇ ಎಂದು ನೋಡಿಸಿ. ಎಂಜಿನ್ ಬದಲಿಸಿ, ದಾಖಲೆ ಬದಲಿಸದ ಜೀಪುಗಳು ಮಾರಾಟಕ್ಕೆ ಬರುವುದುಂಟು.

ಆದರೆ ಜಾಹೀರಾತಿನಲ್ಲಿ ಕಾಣದ ಒಂದು ಪರೀಕ್ಷೆ ಇದೆ, ಅದನ್ನು ನಾನು ಅತ್ತೆಯ ಪರೀಕ್ಷೆ ಎನ್ನುತ್ತೇನೆ. ಗಾಡಿ ನೋಡಲು ಹೋಗುವಾಗ ಮನೆಯ ಹಿರಿಯರನ್ನು ಕರೆದೊಯ್ದು, ‘ಹತ್ತಿ ಕುಳಿತು ನೋಡಿ’ ಎನ್ನಿ. ಮೂರು ಬಾಗಿಲಿನ ಥಾರ್‌ನಲ್ಲಿ ಹಿಂದಿನ ಸೀಟಿಗೆ ಹೋಗಲು ಮುಂದಿನ ಸೀಟನ್ನು ಮಡಚಿ ನುಸುಳಬೇಕು. ಮಂಡಿನೋವಿನವರಿಗೆ ಅದು ಆಗದ ಮಾತು. ಅದರಲ್ಲಿ ಸೀಟು ನಾಲ್ಕೇ. ಜಿಮ್ನಿಗೆ ಐದು ಬಾಗಿಲಿದ್ದರೂ ಸೀಟು ನಾಲ್ಕೇ. ಪತ್ರ ಬರೆದ ಸಹೋದರಿಯ ಮನೆಯಲ್ಲಿ ಇರುವವರು ಐದು ಮಂದಿ! ಪತಿ ರಜೆಯಲ್ಲಿ ಬಂದರೆ ಆರು. ಅಂಥವರು ಐದು ಬಾಗಿಲಿನ ಗೂರ್ಖಾ, ಸ್ಕಾರ್ಪಿಯೋ-ಎನ್‌ನ ಡೀಸೆಲ್ ಫೋರ್ ವೀಲ್ ಡ್ರೈವ್ ಮಾದರಿಗಳ ಕಡೆ ನೋಡುವುದೇ ಸರಿ. ಅಷ್ಟು ಹಣವಿಲ್ಲದಿದ್ದರೆ? ಏಳು ಮಂದಿ ಕೂರುವ ಬೊಲೆರೋ ಎರಡೇ ಚಕ್ರ ಎಳೆಯುವುದಾದರೂ ಒಳ್ಳೆಯ ಟಯರು, ಹಿಂದಿನ ಚಕ್ರಕ್ಕೆ ಸರಪಳಿ, ಮುಂಚಿತವಾಗಿ ಹೊರಡುವ ಬುದ್ಧಿ ಇವುಗಳ ಜೊತೆ ಅದು ನಿಮ್ಮನ್ನು ರಸ್ತೆಗೆ ಮುಟ್ಟಿಸುತ್ತದೆ. ಗೌಡರ ಪಿಕಪ್ ಮುಟ್ಟಿಸಲಿಲ್ಲವೇ?

ಆಟೋಮ್ಯಾಟಿಕ್ ಗೇರ್ ಬೇಕೇ ಎಂದೂ ಕೆಲವರು ಕೇಳುತ್ತಾರೆ. ಹೊಸದಾಗಿ ಕಲಿತವರಿಗೆ ಏರಿನಲ್ಲಿ ಅದು ಸುಲಭ, ಕ್ಲಚ್ ಬಿಟ್ಟು ಹಿಂದಕ್ಕೆ ಜಾರುವ ಭಯವಿಲ್ಲ. ಆದರೆ ಬ್ಯಾಟರಿ ಸತ್ತರೆ ಅದನ್ನು ತಳ್ಳಿ ಸ್ಟಾರ್ಟ್ ಮಾಡಲಾಗುವುದಿಲ್ಲ. ಹಾಗಾಗಿ ಜಂಪರ್ ಕೇಬಲ್ ಇಟ್ಟುಕೊಳ್ಳಲೇಬೇಕು.

ಇನ್ನು ಮಗನ ಪಟ್ಟಿ. ಮಕ್ಕಳ ಉತ್ಸಾಹಕ್ಕೆ ನೀರೆರಚುವುದು ನನಗೂ ಇಷ್ಟವಿಲ್ಲ, ಆದರೆ ಕಾನೂನಿದೆ. ಮೋಟಾರು ವಾಹನ ಕಾಯ್ದೆ 1988ರ 52ನೆಯ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ರಚನೆಗೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷ ಕಾಯ್ದೆಗೆ ತಂದ ತಿದ್ದುಪಡಿಯಲ್ಲಿ ಇಂಥ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಎಂದಿದೆ. ಆರ್‌ಸಿ ನಿಮ್ಮ ಹೆಸರಿನಲ್ಲಿದ್ದರೆ ಮಾಲೀಕರು ನೀವೇ, ಮಗನಲ್ಲ! ಅದಕ್ಕಿಂತ ಮುಖ್ಯ ಸಂಗತಿ ಎಂದರೆ ಅಪಘಾತವಾದಾಗ ವಿಮೆಯವರು ಇದನ್ನೇ ಮುಂದೆ ಮಾಡಿ ಹಣ ತಡೆಯಬಹುದು.

ಕಬ್ಬಿಣದ ಬಂಪರು ಬೇಡವೇ ಬೇಡ. ಕೇಂದ್ರದ ಸಾರಿಗೆ ಸಚಿವಾಲಯವು 2017ರ ಡಿಸೆಂಬರ್‌ನಲ್ಲೇ ಅದರ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆಯಿತು. ಗುದ್ದಿದಾಗ ಮಡಚಿಕೊಂಡು ಪೆಟ್ಟನ್ನು ತಾನು ನುಂಗಬೇಕಾದ ಗಾಡಿಯ ಮುಂಭಾಗ ಆ ಕಬ್ಬಿಣದಿಂದಾಗಿ ಮಡಚುವುದಿಲ್ಲ, ಏರ್‌ಬ್ಯಾಗ್ ಸರಿಯಾದ ಹೊತ್ತಿಗೆ ತೆರೆಯದೆಯೂ ಹೋಗಬಹುದು. ದಾರಿಹೋಕರಿಗಂತೂ ಅದು ಯಮ. ಲಿಫ್ಟ್ ಕಿಟ್ ಕೂಡ ಬೇಡ. ಎತ್ತರಿಸಿದಷ್ಟೂ ಗಾಡಿ ತಿರುವಿನಲ್ಲಿ ಮಗುಚುವುದು ಸುಲಭ. ಮೊದಲೇ ಹತ್ತಲಾಗದ ಅತ್ತೆಗೆ ಆಮೇಲೆ ಏಣಿ ಇಡಬೇಕಾಗುತ್ತದೆ. ಸಾಲು ದೀಪ ಎದುರಿನಿಂದ ಬರುವವನ ಕಣ್ಣು ಕುಕ್ಕುತ್ತದೆ. ಮಂಜಿನಲ್ಲಿ ಅದರ ಬೆಳಕು ತಿರುಗಿ ನಿಮ್ಮ ಕಣ್ಣಿಗೇ ಹೊಡೆಯುತ್ತದೆ. ಮಂಜಿಗೆ ಕೆಳಗಿರುವ ಫಾಗ್ ಲ್ಯಾಂಪ್ ಸಾಕು, ಅದನ್ನು ಕಂಪನಿಯೇ ಕೊಟ್ಟಿರುತ್ತದೆ.

ಟಯರಿನ ವಿಷಯದಲ್ಲಿ ಮಾತ್ರ ಮಗ ಅರ್ಧ ಸರಿ. ದೊಡ್ಡದು ಬೇಡ, ಕಂಪನಿ ಹೇಳಿದ ಅಳತೆಯಲ್ಲೇ ಆಲ್ ಟೆರೇನ್ ಎಂಬ ಬಗೆಯದನ್ನು ಹಾಕಿಸಿ. ಇಡೀ ಪಟ್ಟಿಯಲ್ಲಿ ಹಣಕ್ಕೆ ತಕ್ಕ ಪ್ರಯೋಜನ ಕೊಡುವುದು ಇದೊಂದೇ. ಗುಂಡಿ ಗುಂಡಿಯಾಗಿರುವ ಮಡ್ ಟಯರು ಕೆಸರಿಗೆ ಚೆನ್ನ, ಆದರೆ ಒದ್ದೆ ಡಾಂಬರಿನಲ್ಲಿ ಹಿಡಿತ ಕಡಿಮೆ, ಸದ್ದೂ ಜಾಸ್ತಿ. ನಾವು ಓಡಾಡುವುದು ಹೆಚ್ಚಾಗಿ ಡಾಂಬರಿನಲ್ಲೇ ಅಲ್ಲವೇ? ಇನ್ನೊಂದು ಖರ್ಚಿಲ್ಲದ ಉಪಾಯ: ಕೆಸರಿನಲ್ಲಿ ಚಕ್ರ ತಿರುಗಿ ಹೂತುಕೊಳ್ಳುತ್ತಿದ್ದರೆ 32ರಷ್ಟಿರುವ ಗಾಳಿಯನ್ನು 20ಕ್ಕೆ ಇಳಿಸಿ. ಟಯರು ಚಪ್ಪಟೆಯಾಗಿ ನೆಲವನ್ನು ಅಗಲವಾಗಿ ಹಿಡಿಯುತ್ತದೆ. ರಸ್ತೆಗೆ ಬಂದ ಮೇಲೆ ನಿಧಾನವಾಗಿ ಹೋಗಿ ಮೊದಲು ಗಾಳಿ ತುಂಬಿಸಬೇಕು. ಅದಕ್ಕಾಗಿ ಹನ್ನೆರಡು ವೋಲ್ಟಿನ ಸಣ್ಣ ಪಂಪೂ ಗಾಳಿ ಅಳೆಯುವ ಗೇಜೂ ಗಾಡಿಯಲ್ಲಿರಲಿ.

ವಿಂಚಿನ ಬದಲು ಗಟ್ಟಿಯಾದ ಎಳೆಯುವ ಹಗ್ಗ, ಎರಡು ಶ್ಯಾಕಲ್, ಒಂದು ಹಾರೆ, ಗುದ್ದಲಿ, ಮರ ಕಡಿಯುವ ಕತ್ತಿ, ಚಕ್ರದಡಿ ಇಡಲು ಎರಡು ಹಲಗೆ ಇಟ್ಟುಕೊಳ್ಳಿ. ನಮ್ಮ ದಾರಿಗಳಲ್ಲಿ ಅಡ್ಡ ಬೀಳುವುದು ಬಂಡೆಗಿಂತ ಹೆಚ್ಚಾಗಿ ಮರ. ಇನ್ನೊಂದು ಗಾಡಿ ನಿಮ್ಮದನ್ನು ಎಳೆಯುವಾಗ ಹಗ್ಗವನ್ನು ಗಾಡಿಯ ಕೊಕ್ಕೆಗೇ ಸಿಕ್ಕಿಸಬೇಕು, ಬಂಪರಿಗೆ ಅಲ್ಲ. ಹಗ್ಗದ ನಡುವೆ ಒದ್ದೆ ಗೋಣಿಚೀಲವೊಂದನ್ನು ಹೊದಿಸಿ ಮಕ್ಕಳನ್ನು ದೂರ ನಿಲ್ಲಿಸಿ. ಬಿಗಿಯಾದ ಹಗ್ಗ ಹರಿದರೆ ಚಾಟಿಯಂತೆ ಬೀಸುತ್ತದೆ.

ಸ್ನಾರ್ಕೆಲ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಜೀವ ತೆಗೆಯುವ ತಪ್ಪು ತಿಳಿವಳಿಕೆ ಇರುವುದು ಇಲ್ಲೇ. ಅದು ಎಂಜಿನ್ ಉಸಿರಾಡುವ ಕೊಳವೆಯನ್ನು ಮೇಲಕ್ಕೆ ಒಯ್ಯುತ್ತದೆ, ಅಷ್ಟೇ. ಗಾಡಿಯನ್ನು ದೋಣಿ ಮಾಡುವುದಿಲ್ಲ. ಥಾರ್ 650 ಮಿಲಿಮೀಟರ್ ನೀರಿನಲ್ಲಿ ಹೋಗಬಲ್ಲದು ಎಂದು ಕಂಪನಿ ಹೇಳುತ್ತದೆ, ಅಂದರೆ ಎರಡು ಅಡಿಗಿಂತ ಚೂರು ಹೆಚ್ಚು. ಅದು ನಿಂತ ನೀರಿನ ಮಾತು. ಹರಿಯುವ ನೀರಿನ ಲೆಕ್ಕ ಬೇರೆ. ಅರ್ಧ ಅಡಿ ರಭಸದ ನೀರು ದೊಡ್ಡವರ ಕಾಲನ್ನೇ ಎತ್ತಿಹಾಕುತ್ತದೆ. ಒಂದು ಅಡಿ ನೀರು ಎಷ್ಟೋ ಸಣ್ಣ ಕಾರುಗಳನ್ನು ತೇಲಿಸುತ್ತದೆ. ಎರಡು ಅಡಿ ಹರಿವು ದೊಡ್ಡ ಜೀಪು, ಪಿಕಪ್ಪುಗಳನ್ನೂ ಕೊಚ್ಚಿಕೊಂಡು ಹೋಗುತ್ತದೆ. ನೋಡಿ, ಗಾಡಿ ದಾಟಬಲ್ಲದೆಂದು ಕಂಪನಿ ಹೇಳುವ ಆಳವೂ ತೋಡು ಅದನ್ನು ಒಯ್ಯುವ ಆಳವೂ ಹೆಚ್ಚುಕಡಿಮೆ ಒಂದೇ! ಆದ್ದರಿಂದ ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ, ಕೆಳಗಿನ ರಸ್ತೆ ಕಣ್ಣಿಗೆ ಕಾಣದಿದ್ದರೆ, ಯಾರು ಏನೇ ಹೇಳಲಿ, ದಾಟಬೇಡಿ.

ನಿಂತ ನೀರನ್ನು ದಾಟಲೇಬೇಕಾದರೆ ಮೊದಲು ಬೇರೆ ಗಾಡಿ ಹೋಗುವುದನ್ನು ನೋಡಿ. ಕಿಟಕಿ ಇಳಿಸಿ, ಲೋ ಗೇರಿನಲ್ಲಿ ಒಂದೇ ವೇಗದಲ್ಲಿ, ಗೇರ್ ಬದಲಿಸದೆ, ನಡಿಗೆಯ ವೇಗದಲ್ಲಿ ಸಾಗಿ. ರಭಸವಾಗಿ ನುಗ್ಗಿದರೆ ನೀರು ಬಾನೆಟ್ ಹತ್ತಿ ಬರುತ್ತದೆ. ನಡುವೆ ಎಂಜಿನ್ ನಿಂತರೆ ಮತ್ತೆ ಕೀಲಿ ತಿರುಗಿಸಬೇಡಿ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗುವುದಿಲ್ಲ. ಒಳಗೆ ಹೋದ ನೀರು ಎಂಜಿನ್ನಿನ ಕಬ್ಬಿಣದ ಸರಳನ್ನೇ ಬಗ್ಗಿಸಿಬಿಡುತ್ತದೆ. ವಿಮೆಯವರು ತಕರಾರು ತೆಗೆಯುವುದೂ ಹೀಗೆ ಮತ್ತೆ ಸ್ಟಾರ್ಟ್ ಮಾಡಿದ ಗಾಡಿಗಳ ಮೇಲೆಯೇ. ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ವಿಮೆ ಇದೆ, ಮಲೆನಾಡಿನವರೂ ಕರಾವಳಿಯವರೂ ಮಾಡಿಸುವುದು ಒಳ್ಳೆಯದು. ನೀರಿನಿಂದ ಹೊರಬಂದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ಸ್ವಲ್ಪ ದೂರ ಹೋಗಿ ಒಣಗಿಸಿ. ಮಾರನೆಯ ವಾರ ಗ್ಯಾರೇಜಿನಲ್ಲಿ ಆಕ್ಸಲ್ ಎಣ್ಣೆ ನೋಡಿಸಿ. ಎಣ್ಣೆ ಹಾಲು ಬೆರೆತ ಚಹಾದಂತೆ ಕಂಡರೆ ನೀರು ಸೇರಿದೆ ಎಂದರ್ಥ, ಬದಲಿಸಬೇಕು.

ಗಾಡಿ ಮುಳುಗತೊಡಗಿದರೆ ಬಾಗಿಲಿಗಾಗಿ ಒದ್ದಾಡಬೇಡಿ, ಹೊರಗಿನ ನೀರಿನ ಒತ್ತಡಕ್ಕೆ ಅದು ತೆರೆಯುವುದಿಲ್ಲ. ಬೆಲ್ಟ್ ಬಿಚ್ಚಿ, ಪಕ್ಕದ ಕಿಟಕಿಯಿಂದ ಮಕ್ಕಳನ್ನು ಮೊದಲು ಹೊರಗೆ ದಾಟಿಸಿ. ಗಾಜು ಒಡೆಯುವ ಚೂಪು ಸುತ್ತಿಗೆ ಡ್ರೈವರ್ ಸೀಟಿನ ಕೈಗೆಟಕುವಲ್ಲಿರಲಿ. ಹೊಡೆಯಬೇಕಾದದ್ದು ಪಕ್ಕದ ಗಾಜಿನ ಮೂಲೆಗೆ. ಮುಂದಿನ ಗಾಜು ಪದರದ ಗಾಜು, ಸೀಳುತ್ತದೆಯೇ ಹೊರತು ಉದುರುವುದಿಲ್ಲ.

ತಂಗಿಯ ಜೀಪಿನಂತೆ ನಿಮ್ಮದು ಆಗಬಾರದೆಂದರೆ ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ. ಶೆಡ್ಡಿನಲ್ಲಿ ಬಾಗಿಲು ಮುಚ್ಚಿ ಎಂಜಿನ್ ಓಡಿಸಿಡಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಮನುಷ್ಯರನ್ನು ನಿದ್ದೆಯಲ್ಲೇ ಕೊಲ್ಲುತ್ತದೆ. ತಿಂಗಳಿಗೊಮ್ಮೆ ಮಣ್ಣುದಾರಿಯಲ್ಲಿ ಫೋರ್ ವೀಲ್ ಹಾಕಿ ನೋಡಿ, ಬಳಸದೆ ಬಿಟ್ಟರೆ ಅದು ಬೇಕಾದ ದಿನ ಬೀಳುವುದಿಲ್ಲ. ಒಣ ಡಾಂಬರಿನಲ್ಲಿ ಮಾತ್ರ ಹಾಕಬೇಡಿ, ತಿರುವಿನಲ್ಲಿ ಗೇರ್‌ಬಾಕ್ಸ್‌ಗೆ ಏಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯದಿರಲಿ, ಹಾಗೆಂದು ಮನೆಯೊಳಗೆ ಕ್ಯಾನಿನಲ್ಲಿ ಪೆಟ್ರೋಲ್ ಕೂಡಿಡಬೇಡಿ. ಜಂಪರ್ ಕೇಬಲ್ ಹಾಕುವ ಕ್ರಮ ಬಾಯಿಪಾಠವಿರಲಿ. ಮೊದಲು ಕೆಂಪನ್ನು ಎರಡೂ ಬ್ಯಾಟರಿಗಳ ಪ್ಲಸ್‌ಗೆ, ಆಮೇಲೆ ಕಪ್ಪನ್ನು ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಅದರ ಇನ್ನೊಂದು ತುದಿಯನ್ನು ಕೊನೆಯಲ್ಲಿ ಸತ್ತ ಗಾಡಿಯ ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ.

ಗಾಡಿಯಲ್ಲಿ ಒಂದು ಚೀಲ ಸದಾ ಇರಲಿ. ಟಾರ್ಚ್, ಕುಡಿಯುವ ನೀರು, ಖರ್ಜೂರ, ಬಿಸ್ಕತ್ತು, ಟಾರ್ಪಾಲು, ಎಲ್ಲರಿಗೂ ಒಂದೊಂದು ಜೊತೆ ಒಣಬಟ್ಟೆ, ಪ್ಯಾಡು, ಅತ್ತೆಯ ಒಂದು ವಾರದ ಮಾತ್ರೆ ಮತ್ತು ಚೀಟಿ. ಪಾಸ್‌ಪೋರ್ಟ್, ಆಧಾರ್, ರೇಷನ್ ಕಾರ್ಡ್, ಜಾಗದ ಪತ್ರ ಇವುಗಳ ಪ್ರತಿಗಳು ಪ್ಲಾಸ್ಟಿಕ್ ಚೀಲದಲ್ಲಿ. ಗಂಜಿ ಕೇಂದ್ರದಲ್ಲಿ ತಂಗಿಗೆ ಹೆಚ್ಚು ಕಷ್ಟವಾದದ್ದು ಊಟಕ್ಕಲ್ಲ, ಒದ್ದೆ ಬಟ್ಟೆಯಲ್ಲಿ ಎರಡು ದಿನ ಕಳೆದದ್ದಕ್ಕೆ ಮತ್ತು ಅತ್ತೆಯ ಬಿಪಿ ಮಾತ್ರೆಯ ಹೆಸರು ಯಾರಿಗೂ ನೆನಪಿಲ್ಲದ್ದಕ್ಕೆ.

ಯಾವಾಗ ಹೊರಡಬೇಕು ಎಂಬುದನ್ನು ಮನೆಯವರೆಲ್ಲ ಮೊದಲೇ ಮಾತಾಡಿಕೊಳ್ಳಿ. ಬರೆಯಲ್ಲಿ ಹೊಸ ಬಿರುಕು, ಇದ್ದಕ್ಕಿದ್ದಂತೆ ಕೆಂಪಾದ ಒರತೆ, ವಾಲಿದ ಮರ ಅಥವಾ ಕರೆಂಟ್ ಕಂಬ, ಬಾಗಿಲು ಚೌಕಟ್ಟಿಗೆ ಸಿಕ್ಕಿಹಾಕಿಕೊಳ್ಳುವುದು, ಇವುಗಳಲ್ಲಿ ಒಂದು ಕಂಡರೂ ಬೆಳಕಿರುವಾಗಲೇ ಹೊರಡಬೇಕು. ಕುವೈತ್‌ಗೆ ಫೋನು ಹಚ್ಚಿ ಅನುಮತಿ ಕೇಳುತ್ತಾ ಕೂರುವ ಹೊತ್ತಲ್ಲ ಅದು. ಆ ಅನುಮತಿಯನ್ನು ರಜೆಯಲ್ಲೇ ಪಡೆದಿಟ್ಟುಕೊಳ್ಳಿ. ಜಿಲ್ಲೆಯ ವಿಪತ್ತು ಸಹಾಯವಾಣಿ 1077, ತುರ್ತಿಗೆ 112. ಹೊರಡುವಾಗ ಪಕ್ಕದ ಮನೆಯವರನ್ನೂ ಕೂಗಿ ಕರೆಯಿರಿ, ಒಂದು ಸೀಟಾದರೂ ಉಳಿದಿರುತ್ತದೆ.

ಬಣ್ಣದ ಪ್ರಶ್ನೆ ಉಳಿಯಿತು. ಕಪ್ಪು ರಾತ್ರಿಯಲ್ಲಿ ಕಾಣುವುದಿಲ್ಲ, ಬಿಳಿ ಮಂಜಿನಲ್ಲಿ ಕಾಣುವುದಿಲ್ಲ. ಕೆಂಪು ಸಿಕ್ಕರೆ ಕೆಂಪು ತೆಗೆದುಕೊಳ್ಳಿ. ಸಿಗದಿದ್ದರೆ ಹಿಂದೆ ಕೆಂಪು, ಮುಂದೆ ಬಿಳಿ ಹೊಳೆಯುವ ಪಟ್ಟಿ ಅಂಟಿಸಿ. ತಂಗಿಯ ಜೀಪು ಮಣ್ಣು ತೊಳೆಸಿಕೊಂಡು, ಹೊಸ ಬ್ಯಾಟರಿ ಹಾಕಿಸಿಕೊಂಡು ಈಗಲೂ ಓಡುತ್ತಿದೆ. ಅವಳೇ ಓಡಿಸುತ್ತಾಳೆ. ಕೀಲಿ ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ಅದರ ಬಣ್ಣ ಮಾತ್ರ ಕಡುಹಸಿರು, ತೋಟದ ನಡುವೆ ನಿಲ್ಲಿಸಿದರೆ ಎಲ್ಲಿ ನಿಲ್ಲಿಸಿದ್ದೆನೆಂದು ಅವಳೇ ಹುಡುಕಬೇಕು!